ಕಾಫಿ ತೋಟದ ನಡುವೆ ಒಂದು ಡಬ್ಬಿ ಟೀ

ಕೊಡಗಿನಲ್ಲಿ ಮನೆಗೆ ಬಂದವರಿಗೆ ಟೀ ಕೊಡಲು ಧೈರ್ಯ ಬೇಕು. ನನಗೆ ಆ ಧೈರ್ಯ ಬರಲು ಮೂವತ್ತು ವರ್ಷ ಹಿಡಿಯಿತು.

ನಾನು ಅರಸೀಕೆರೆ ಕಡೆಯವನು. ಕೆಲಸದ ಮೇಲೆ ಮಡಿಕೇರಿಗೆ ಬಂದು, ಆಮೇಲೆ ಮಾದಾಪುರದ ಹತ್ತಿರ ಒಂದು ಪುಟ್ಟ ಮನೆ ಮಾಡಿಕೊಂಡು ಇಲ್ಲೇ ಉಳಿದೆ. ಬಂದ ಹೊಸದರಲ್ಲಿ ಪಕ್ಕದ ತೋಟದ ಬೋಪು ಮನೆಗೆ ಬಂದಾಗ "ಟೀ ಮಾಡಿಸಲಾ?" ಅಂತ ಕೇಳಿದ್ದೆ. ಅವನು ನನ್ನ ಮುಖ ನೋಡಿದ. ಅಡುಗೆಮನೆ ಕಡೆ ನೋಡಿದ. ಏನೂ ಹೇಳದೆ ನೀರು ಕುಡಿದು ಎದ್ದು ಹೋದ. ಮಾರನೆಯ ದಿನ ಎರಡು ಕೆಜಿ ಕಾಫಿಪುಡಿ ತಂದು ಜಗುಲಿ ಮೇಲಿಟ್ಟು, "ಕಷ್ಟ ಇದ್ದರೆ ಬಾಯಿಬಿಟ್ಟು ಹೇಳಬೇಕು ಮಾರಾಯ" ಅಂದ.

ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಟೀ ಅನ್ನುವುದು ಜ್ವರ ಬಂದಾಗ ಶುಂಠಿ ಹಾಕಿ ಕುಡಿಯುವ ಔಷಧಿ. ಅಷ್ಟೇ.

ಈ ಸಲ ಆಟಿ ತಿಂಗಳಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಕರೆಂಟ್ ಹೋಗಿ ಮೂರು ದಿನ, ಮೊಬೈಲ್ ಸತ್ತು ಎರಡು ದಿನ. ಅಂಥ ಒಂದು ಮಧ್ಯಾಹ್ನ ಬೆಂಗಳೂರಿನಿಂದ ಅಕ್ಕನ ಮಗಳು ಕಳಿಸಿದ ಡಬ್ಬಿ ಬಂತು. ಒಳಗೆ ಹನ್ನೆರಡು ಪುಟ್ಟ ಪೊಟ್ಟಣ, ಹನ್ನೆರಡು ಬಗೆಯ ಟೀ. ಜೊತೆಗೊಂದು ಚೀಟಿ: "ಮಾಮ, ಕಾಫಿ ಕುಡಿದು ಕುಡಿದು ಬೇಜಾರಾಗಿರುತ್ತೆ. ದಿನಕ್ಕೊಂದು ಟ್ರೈ ಮಾಡಿ."

ದಿನಕ್ಕೊಂದು ಮಾಡಲು ಬಿಡುವವರು ಯಾರು? ಮಳೆಗಾಲದಲ್ಲಿ ಟಿವಿ ಇಲ್ಲ ಅಂದರೆ ನಮ್ಮ ಜಗುಲಿಯೇ ಸಭೆ. ಬೋಪು ಜೀಪಿನಲ್ಲಿ ಬಂದ. ಗೊಬ್ಬರದ ಅಂಗಡಿ ಇಟ್ಟಿರುವ ಉಮೇಶ ಅಂಗಡಿಗೆ ಬಾಗಿಲು ಹಾಕಿ, ಕಾಲಿಗೆ ಹತ್ತಿದ ಜಿಗಣೆ ಕೀಳುತ್ತಾ ಬಂದ. ಅವನು ಸಂಪಾಜೆ ಕಡೆಯವನು, ಮಾತಿಗೆ ಮೊದಲು ನಗುತ್ತಾನೆ. ಕೊನೆಗೆ ಟೀಚರಕ್ಕ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತಿ ಆಗಿರುವುದು ಶಾಲೆಗೆ, ಪಾಠಕ್ಕಲ್ಲ.

"ಎಂತ ಇದು?" ಬೋಪು ಒಂದು ಪೊಟ್ಟಣ ಎತ್ತಿ ಮೂಸಿದ. "ಬೇಲಿ ಸವರಿದ ಸೊಪ್ಪು."

"ಗ್ರೀನ್ ಟೀ" ಅಂದೆ.

"ಅದೇ. ಗ್ರೀನ್ ಬೇಲಿ."

ನನ್ನ ಹೆಂಡತಿ ಅದನ್ನು ನಮಗೆ ಗೊತ್ತಿರುವ ರೀತಿಯಲ್ಲೇ ಮಾಡಿದಳು. ಅಂದರೆ ಪಾತ್ರೆಗೆ ನೀರು, ಸೊಪ್ಪು ಎರಡೂ ಸುರಿದು, ಕಷಾಯದ ಹಾಗೆ ಮುಕ್ಕಾಲಾಗುವವರೆಗೆ ಕುದಿಸಿದಳು. ಬಂದದ್ದು ಹಳದಿ ನೀರು. ಉಮೇಶ ಒಂದು ಗುಟುಕು ಕುಡಿದು ಹಾಗೇ ಕೂತ. ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಹಾಗಲಕಾಯಿ ಬಸಿದ ನೀರು" ಅಂದ ಕೊನೆಗೆ. "ಇದಕ್ಕೆ ಜನ ದುಡ್ಡು ಕೊಡ್ತಾರಾ?"

"ನೀವು ಅದನ್ನು ಕೊಂದಿದ್ದೀರಿ" ಅಂದರು ಟೀಚರಕ್ಕ. "ಗ್ರೀನ್ ಟೀಗೆ ಕುದಿಯುವ ನೀರು ಹಾಕಬಾರದು. 80 ಡಿಗ್ರಿ ಸಾಕು. ಎರಡು ನಿಮಿಷ ಇಟ್ಟು ಸೋಸಬೇಕು. ಜಾಸ್ತಿ ಬಿಸಿಯಾದರೆ ಒಗರೆಲ್ಲ ಇಳಿದು ಬರ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ಗೊತ್ತುಂಟಾ?"

"ಅದಕ್ಕೇ ನಮ್ಮಲ್ಲಿ ಅನ್ನ ಬೇಯೋದು ಲೇಟು" ಅಂದ ಬೋಪು. "ನಾನು ಹೆಂಡತಿಯನ್ನು ಸುಮ್ನೆ ಬೈತಿದ್ದೆ."

ಎರಡನೆಯ ಸಲ ಹೇಳಿದ ಹಾಗೆ ಮಾಡಿದೆವು. ಹೌದು, ಈ ಸಲ ಕಹಿ ಇರಲಿಲ್ಲ. ಏನೂ ಇರಲಿಲ್ಲ ಅನ್ನುವುದು ಬೋಪುವಿನ ವಾದ. ನನಗೆ ಮಾತ್ರ ಹಸಿ ಅವರೆಕಾಯಿ ಸುಲಿಯುವಾಗ ಬರುವ ಸೊಗಡಿನ ಹಾಗೆ ಏನೋ ಅನ್ನಿಸಿತು. ಹೇಳಿದೆ. "ಅರಸೀಕೆರೆಯವರಿಗೆ ಎಲ್ಲದರಲ್ಲೂ ಅವರೆಕಾಯಿ" ಅಂತ ಉಮೇಶ ನಕ್ಕ. ಸುಮ್ಮನಾದೆ.

ಆಮೇಲೆ ಟೀಚರಕ್ಕ ಪೊಟ್ಟಣಗಳನ್ನೆಲ್ಲ ಸಾಲಾಗಿ ಜೋಡಿಸಿ, ಇವುಗಳಲ್ಲಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಗಿಡದ ಎಲೆ, ಕ್ಯಾಮೆಲಿಯಾ ಸೈನೆನ್ಸಿಸ್ ಅಂತ ಅದರ ಹೆಸರು ಅಂದರು. ಬೋಪು ನಂಬಲಿಲ್ಲ.

"ಒಂದೇ ಗಿಡ ಆದರೆ ಇಷ್ಟು ಪೊಟ್ಟಣ ಎಂತಕ್ಕೆ?"

"ನಿನ್ನ ತೋಟದ ಹಣ್ಣನ್ನೇ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದರೆ ಎಂತ ಅಂತೀ?"

"ಚೆರಿ."

"ಪಲ್ಪ್ ಮಾಡಿ ತೊಳೆದು ಒಣಗಿಸಿದರೆ?"

"ಪಾರ್ಚ್‌ಮೆಂಟ್."

"ಹಣ್ಣು ಒಂದೇ ತಾನೆ? ರೇಟ್ ಒಂದೇ ಉಂಟಾ?"

ಬೋಪು ತಲೆ ಕೆರೆದುಕೊಂಡ. ನಮಗೂ ಅರ್ಥವಾಯಿತು. ಬದನೆಕಾಯಿ ಹೆಚ್ಚಿಟ್ಟರೆ ಗಾಳಿಗೆ ಕಪ್ಪಾಗುತ್ತದಲ್ಲ, ಟೀ ಎಲೆಯೂ ಹಾಗೇ. ಕಿತ್ತ ಕೂಡಲೇ ಬಿಸಿ ಮುಟ್ಟಿಸಿ ಆ ಕಪ್ಪಾಗುವುದನ್ನು ತಡೆದರೆ ಗ್ರೀನ್ ಟೀ. ಬಾಡಿಸಿ, ಹೊಸೆದು, ಪೂರ್ತಿ ಕಪ್ಪಾಗಲು ಬಿಟ್ಟರೆ ನಾವು ಹಾಲು ಹಾಕಿ ಕುಡಿಯುವ ಟೀ. ಅರ್ಧದಲ್ಲಿ ನಿಲ್ಲಿಸಿದರೆ ಊಲಾಂಗ್. ಚಿಗುರನ್ನು ಹೆಚ್ಚು ಮುಟ್ಟದೆ ಸುಮ್ನೆ ಬಾಡಿಸಿ ಒಣಗಿಸಿದರೆ ವೈಟ್ ಟೀ.

ಆ ವೈಟ್ ಟೀ ಡಬ್ಬಿಯಲ್ಲೇ ಅತಿ ದುಬಾರಿ. ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಕುಡಿದ ಮೇಲೆ ನನ್ನ ಹೆಂಡತಿ, "ಟೀ ಸೊಪ್ಪು ಹಾಕುವುದು ಮರೆತೆನಾ?" ಅಂತ ಪಾತ್ರೆ ನೋಡಿಕೊಂಡು ಬಂದಳು.

ಊಲಾಂಗ್ ಪರವಾಗಿಲ್ಲ. ಮೆಣಸಿನ ಕಾಳಿನಷ್ಟು ಗುಂಡಗಿದ್ದದ್ದು ಬಿಸಿನೀರಿಗೆ ಬಿದ್ದ ಕೂಡಲೇ ಮೆಲ್ಲಗೆ ಬಿಚ್ಚಿಕೊಂಡು ಪೂರ್ತಿ ಎಲೆಯಾಯಿತು. ಅದೇ ಎಲೆಗೆ ಮೂರು ಸಲ ನೀರು ಹಾಕಬಹುದು ಅಂದದ್ದು ಉಮೇಶನಿಗೆ ಬಹಳ ಹಿಡಿಸಿತು. ಗೊಬ್ಬರದ ಅಂಗಡಿಯವನಲ್ವಾ?

ಡಾರ್ಜಿಲಿಂಗ್ ಬಂದಾಗ ಮಾತ್ರ ಜಗಳವೇ ಆಯಿತು. ಬೇಸಿಗೆಯ ಕುಯ್ಲಿನ ಎಲೆಗೆ ದ್ರಾಕ್ಷಿಯಂಥ ಒಂದು ಘಮ ಬರುತ್ತದಂತೆ. ಅದಕ್ಕೆ ಭಾರಿ ಬೆಲೆ. ಆ ಘಮಕ್ಕೆ ಒಂದು ಕಾರಣ ಎಲೆಯನ್ನು ಹಸಿರು ಜಿಗಿಹುಳು ಕಚ್ಚುವುದು ಅಂತ ಟೀಚರಕ್ಕ ಹೇಳಿದ್ದೇ ತಡ, ಬೋಪು ಎದ್ದು ನಿಂತ.

"ಹುಳ ಕಚ್ಚಿದರೆ ರೇಟ್ ಜಾಸ್ತಿಯಾ?"

"ಹೌದಪ್ಪ."

"ನನ್ನ ಕಾಫಿಗೆ ಬೆರ್ರಿ ಬೋರರ್ ತೂತು ಕೊರೆದರೆ ವ್ಯಾಪಾರಿ ಬೀಜ ಹಿಡಿದು ಬೆಳಕಿಗೆ ನೋಡ್ತಾನೆ. ಒಂದೊಂದು ತೂತಿಗೂ ರೇಟ್ ಇಳಿಸ್ತಾನೆ. ಅಲ್ಲಿ ಹುಳಕ್ಕೆ ಸನ್ಮಾನ, ಇಲ್ಲಿ ನನಗೆ ಅವಮಾನ!"

"ಡಾರ್ಜಿಲಿಂಗ್ ಟೀಗೆ 2004ರಲ್ಲೇ ಜಿಐ ಟ್ಯಾಗ್, ಅಂದರೆ ಇದು ಆ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ದೇಶಕ್ಕೇ ಮೊದಲು" ಅಂದರು ಟೀಚರಕ್ಕ, ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

"ನಮ್ಮ ಕೊಡಗು ಅರೇಬಿಕಾಕ್ಕೂ 2019ರಲ್ಲಿ ಸಿಕ್ಕಿದೆ."

"ನಿನ್ನ ತೋಟದಲ್ಲಿ ಇರೋದು ರೋಬಸ್ಟಾ ಅಲ್ವಾ?" ಅಂದ ಉಮೇಶ.

ಬೋಪು ಕೂತ.

ಮುಂದಿನದು ಪು-ಅರ್. ಚೀನಾದ ಯುನ್ನಾನ್ ಕಡೆಯದು. ಎಲೆಯನ್ನು ಬಿಲ್ಲೆಯ ಹಾಗೆ ಒತ್ತಿ ವರ್ಷಗಟ್ಟಲೆ ಇಡುತ್ತಾರೆ, ಹಳೆಯದಾದಷ್ಟೂ ಬೆಲೆ. ಪೊಟ್ಟಣ ಬಿಚ್ಚಿದ ತಕ್ಷಣ ನಾಲ್ಕೂ ಜನಕ್ಕೆ ಆ ವಾಸನೆಯ ಗುರುತು ಸಿಕ್ಕಿತು. ಜುಲೈ ಕೊನೆಯಲ್ಲಿ ಬೀರು ಬಾಗಿಲು ತೆಗೆದಾಗ ಬರುವ ವಾಸನೆ. ಕೋಟಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮದುವೆ ಆಲ್ಬಮ್ಮಿಗೆ ಬೂಷ್ಟು.

"ಇದಕ್ಕೆ ಅವರು ಇಪ್ಪತ್ತು ವರ್ಷ ಕಾಯ್ತಾರಾ?" ಉಮೇಶ ಕೇಳಿದ. "ನಮ್ಮ ಅಟ್ಟದಲ್ಲಿ ಒಂದು ಆಟಿ ಸಾಕು."

ಕುಡಿಯಲು ಕೆಟ್ಟದಾಗಿರಲಿಲ್ಲ ಅನ್ನಿ. ಮಳೆ ನಿಂತ ಮೇಲೆ ತೋಟದ ಒಳಗೆ, ಕೊಳೆತ ತರಗೆಲೆ ಮೇಲೆ ನಡೆದ ಹಾಗೆ ಒಂದು ಮಣ್ಣಿನ ರುಚಿ. ಆದರೆ ತೋಟ ಹಿತ್ತಿಲಲ್ಲೇ ಇರುವವನು ಅದನ್ನು ಕಪ್ಪಿನಲ್ಲಿ ಯಾಕೆ ಕುಡಿಯಬೇಕು?

ಏಳನೆಯ ಪೊಟ್ಟಣಕ್ಕೆ ಬೋಪು ಬದಲಾದ. ಅದರ ಹೆಸರು ಲ್ಯಾಪ್ಸಾಂಗ್ ಸೂಚಾಂಗ್. ಹೆಸರು ಹೇಳಲು ನಮಗೆ ಐದು ನಿಮಿಷ ಬೇಕಾಯಿತು. ಪೈನ್ ಸೌದೆಯ ಹೊಗೆಯಲ್ಲಿ ಒಣಗಿಸಿದ ಟೀ ಇದು. ಪೊಟ್ಟಣ ಹರಿದ ಕೂಡಲೇ ಜಗುಲಿಯೆಲ್ಲ ಹೊಗೆ ವಾಸನೆ. ಒಳಗಿನಿಂದ ಹೆಂಡತಿ, "ಒಲೆ ಮೇಲೆ ಏನೋ ಸೀದುಹೋಯ್ತಾ?" ಅಂತ ಓಡಿ ಬಂದಳು.

ಬೋಪು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದ. ಇನ್ನೊಮ್ಮೆ ಮೂಸಿದ. ಕುಡಿದ. ಕಣ್ಣು ಮುಚ್ಚಿಕೊಂಡ.

"ನಮ್ಮ ಅಜ್ಜಿ" ಅಂದ.

"ಎಂತ ಆಯ್ತು ಅಜ್ಜಿಗೆ?"

"ಅಜ್ಜಿಯ ಅಡುಗೆಮನೆ ಮಾರಾಯ. ಒಲೆಯ ಮೇಲೆ ಅಡ್ಡ ಕೋಲಿಗೆ ಹಂದಿ ಮಾಂಸ ನೇತು ಹಾಕ್ತಿದ್ರು, ಮಳೆಗಾಲಕ್ಕೆ. ಮೂರು ತಿಂಗಳು ಹೊಗೆ ಕುಡಿದು ಕಪ್ಪಾಗಿ ಕಟ್ಟಿಗೆ ತರ ಆಗ್ತಿತ್ತು. ನಾನು ಶಾಲೆಯಿಂದ ನೆನೆದು ಬಂದರೆ ಅದರಿಂದ ಒಂದು ಚೂರು ಕೊಯ್ದು ಕೆಂಡದ ಮೇಲೆ ಸುಟ್ಟು ಕೊಡ್ತಿದ್ರು. ಇದು ಅದೇ. ಮಾಂಸ ಒಂದು ಇಲ್ಲ ಅಷ್ಟೇ."

ಎರಡನೆಯ ಕಪ್ ಕೇಳಿದ. ಬೋಪು! ನಮ್ಮ ಮನೆಯಲ್ಲಿ! ಟೀ! ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪೆನ್ನಿನಿಂದ ಸುತ್ತು ಹಾಕಿದಳು.

ಮನಸ್ಸು ಮೆತ್ತಗಾದ ಮೇಲೆ ಅವನೇ ಒಂದು ಕತೆ ಹೇಳಿದ. ಕುಶಾಲನಗರ ದಾಟಿದರೆ ಬೈಲುಕುಪ್ಪೆ. ಜಿಲ್ಲೆ ಮೈಸೂರಾದರೂ ನಮಗೆ ಪಕ್ಕದ ಮನೆ. 1960ರ ದಶಕದ ಆರಂಭದಿಂದ ಟಿಬೆಟಿನವರು ಅಲ್ಲಿ ನೆಲೆಸಿದ್ದಾರೆ. ಸ್ವೆಟರ್ ವ್ಯಾಪಾರ ಮಾಡುವ ಒಬ್ಬ ಹಿರಿಯರು ಬೋಪುವಿಗೆ ಹಳೆಯ ಸ್ನೇಹ. ಒಂದು ಸಲ ಮನೆಗೆ ಕರೆದು ಬೆಣ್ಣೆ ಟೀ ಕೊಟ್ಟರಂತೆ.

"ಮೊದಲ ಗುಟುಕಿಗೆ ಉಪ್ಪು ಸಿಕ್ಕಿತು. ಎರಡನೆಯದಕ್ಕೆ ಬೆಣ್ಣೆ. ಟೀ ಎಲ್ಲಿ ಅಂತ ಮೂರನೆಯ ಗುಟುಕಲ್ಲಿ ಹುಡುಕಿದೆ. ದೊಡ್ಡವರ ಮನೆ, ಬಿಡೋದು ಹೇಗೆ? ಮೂಗು ಹಿಡಿದು ಖಾಲಿ ಮಾಡಿದೆ. ಕಪ್ ಕೆಳಗಿಡುವ ಮೊದಲೇ ಮತ್ತೆ ತುಂಬಿಸಿದರು. ಅದನ್ನೂ ಖಾಲಿ ಮಾಡಿದೆ. ಮತ್ತೆ ತುಂಬಿಸಿದರು. ಐದು ಕಪ್!"

"ಬೇಡ ಅಂದರೆ ಕಪ್ ತುಂಬಿಸಿಕೊಂಡು ಹಾಗೇ ಬಿಡಬೇಕು" ಅಂದರು ಟೀಚರಕ್ಕ. "ಹೊರಡುವಾಗ ಕುಡಿದರೆ ಸಾಕು. ಖಾಲಿ ಮಾಡಿದರೆ ಇನ್ನೂ ಬೇಕು ಅಂತ ಅರ್ಥ. ಅವರ ಪದ್ಧತಿ ಅದು."

"ಇದನ್ನು ಹನ್ನೆರಡು ವರ್ಷ ಮುಂಚೆ ಹೇಳಬೇಕಿತ್ತು."

ಆದರೆ ನಾಲ್ಕನೆಯ ಕಪ್ಪಿನ ಹೊತ್ತಿಗೆ ಅವರು ಹುರಿದ ಬಾರ್ಲಿ ಹಿಟ್ಟು ಕೊಟ್ಟು, ಅದೇ ಟೀಯಲ್ಲಿ ಕಲಸಿ ಉಂಡೆ ಮಾಡಿ ತಿನ್ನಲು ತೋರಿಸಿದರಂತೆ. "ಅದು ಚೆನ್ನಾಗಿತ್ತು. ಟೀ ಅಂದುಕೊಂಡಿದ್ದೇ ತಪ್ಪು. ಸಾರು ಅಂದುಕೊಂಡಿದ್ದರೆ ಅಕ್ಕಿರೊಟ್ಟಿ ಕೇಳಬಹುದಿತ್ತು" ಅಂದ. ನನಗೆ ಹೊಟ್ಟೆಯಲ್ಲಿ ಏನೋ ಕಲಕಿತು. ಹುರಿಹಿಟ್ಟು! ನಮ್ಮಮ್ಮ ರಾಗಿ ಹುರಿಹಿಟ್ಟಿಗೆ ಬೆಲ್ಲ, ಬಿಸಿನೀರು ಹಾಕಿ ಕಲಸಿ ಕೊಡುತ್ತಿದ್ದಳು. ಬಾಯಿ ತನಕ ಬಂದ ಮಾತನ್ನು ಅವರೆಕಾಯಿ ನೆನಪಾಗಿ ನುಂಗಿಕೊಂಡೆ.

ಸಂಜೆ ಆಯಿತು. ಲಾಟೀನು ಹಚ್ಚಿದೆವು. ಉಮೇಶನಿಗೆ ಸುಲೈಮಾನಿ ಕುಡಿಯುವ ಆಸೆ ಹುಟ್ಟಿತು. ಮಲಬಾರಿನ ಕಡೆ ಬಿರಿಯಾನಿ ತಿಂದ ಮೇಲೆ ಕೊಡುತ್ತಾರಲ್ಲ, ಹಾಲಿಲ್ಲದ ಟೀಗೆ ಏಲಕ್ಕಿ, ಸಕ್ಕರೆ, ನಿಂಬೆರಸ. "ನಮ್ಮ ಕಡೆ ಹಾಲಿಲ್ಲದ್ದಕ್ಕೆ ಕಣ್ಣ ಚಾ ಅಂತೀವಿ. ಅದಕ್ಕೇ ನಿಂಬೆ ಹಿಂಡಿದರೆ ಆಯ್ತು" ಅಂತ ತಾನೇ ಒಲೆ ಮುಂದೆ ಕೂತ. ಡಿಕಾಕ್ಷನ್ ಚೆನ್ನಾಗಿ ಬಂತು, ಕೆಂಪಗೆ, ಗ್ಲಾಸಿನ ಆಚೆ ಲಾಟೀನಿನ ಬೆಳಕು ಕಾಣುವ ಹಾಗೆ. ಏಲಕ್ಕಿಗೆ ನಮ್ಮಲ್ಲಿ ಬರ ಇಲ್ಲ. ನಿಂಬೆಹಣ್ಣು ಮಾತ್ರ ಇರಲಿಲ್ಲ. ಮೂರು ದಿನದಿಂದ ಯಾರೂ ಸಂತೆಗೆ ಹೋಗಿರಲಿಲ್ಲ.

"ಹುಳಿ ತಾನೆ ಬೇಕು?" ಅಂದ ಉಮೇಶ. ನಾವು ತಡೆಯುವ ಮೊದಲೇ ಕಪಾಟಿನಿಂದ ಕಾಚಂಪುಳಿ ಬಾಟಲಿ ತೆಗೆದು ನಾಲ್ಕು ಹನಿ ಬಿಟ್ಟ.

ಕಾಚಂಪುಳಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಇಳಿಸಿದ ಕಪ್ಪು ದ್ರವ. ನೋಡಲು ಎಂಜಿನ್ ಆಯಿಲ್, ನಾಲಿಗೆಗೆ ಮಿಂಚು. ಪಂದಿ ಕರಿಗೆ ಕೊನೆಯಲ್ಲಿ ಒಂದು ಚಮಚ ಬಿದ್ದರೆ ಅದು ಪಂದಿ ಕರಿ, ಇಲ್ಲದಿದ್ದರೆ ಬರೀ ಹಂದಿ ಸಾರು.

ನಾಲ್ವರೂ ಒಟ್ಟಿಗೆ ಕುಡಿದೆವು. ಯಾರೂ ಮಾತಾಡಲಿಲ್ಲ. ಟೀಚರಕ್ಕನ ಬಲಗಣ್ಣು ತಾನಾಗಿ ಮುಚ್ಚಿಕೊಂಡಿತು. ಬೋಪು ಗ್ಲಾಸನ್ನು ನೋಡಿ, "ಇನ್ನು ಎರಡು ಕೆಜಿ ಮಾಂಸ, ಕರಿಮೆಣಸಿನ ಪುಡಿ ಹಾಕಿದರೆ ಸರಿ ಆಗ್ತದೆ" ಅಂದ. ತಮಾಷೆ ಏನೆಂದರೆ ಮೂರನೆಯ ಗುಟುಕಿಗೆ ನಾಲಿಗೆ ಅದಕ್ಕೆ ಒಗ್ಗಿಕೊಂಡಿತು. ಈ ಮಾತನ್ನು ಕೊಡಗಿನ ಹೊರಗೆ ಹೇಳಬೇಡಿ, ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ.

"ಸುಲೈಮಾನಿ ನಿನಗೆ ಹೊಸದೇನಲ್ಲ ಬಿಡು ಬೋಪಣ್ಣ" ಅಂದ ಉಮೇಶ. ಮೊದಲೇ ನಕ್ಕಿದ್ದ, ಹಾಗಾಗಿ ಏನೋ ಬರುತ್ತದೆ ಅಂತ ಗೊತ್ತಾಯಿತು. "ಸುಂಟಿಕೊಪ್ಪದ ಕಾಕನ ಅಂಗಡಿಯಲ್ಲಿ ಬೆಳಗ್ಗೆ ಆರಕ್ಕೆ ಜೀಪ್ ನಿಲ್ಲುತ್ತದಲ್ಲ. ಅದು ಯಾರದ್ದು?"

ಜಗುಲಿ ನಿಶ್ಶಬ್ದ. ಮಳೆ ಕೂಡ ಸ್ವಲ್ಪ ಕಡಿಮೆಯಾದ ಹಾಗಾಯಿತು.

ಆ ಅಂಗಡಿ ನನಗೂ ಗೊತ್ತು. ಹಿತ್ತಾಳೆಯ ಸಮಾವರ್, ಅದರ ಮೇಲೆ ಹಾಲಿನ ಪಾತ್ರೆ. ಟೀ ಪುಡಿ ತುಂಬಿದ ಬಟ್ಟೆಯ ಚೀಲ, ಡಿಕಾಕ್ಷನ್ ಕುಡಿದು ಕುಡಿದು ಕಾಲುಚೀಲದ ಹಾಗೆ ಜೋತುಬಿದ್ದಿರುತ್ತದೆ. ಕಾಕ ಒಂದು ಕೈ ತಲೆಯ ಮೇಲಕ್ಕೆ ಎತ್ತಿ, ಇನ್ನೊಂದು ಕೈ ಸೊಂಟದ ಹತ್ತಿರ ಹಿಡಿದು ಹೊಡೆಯುತ್ತಾರೆ. ಟೀ ಗಾಳಿಯಲ್ಲಿ ಹಗ್ಗದ ಹಾಗೆ ನಿಲ್ಲುತ್ತದೆ. ಒಂದು ಹನಿ ಹೊರಗೆ ಬೀಳುವುದಿಲ್ಲ. ಗ್ಲಾಸಿನ ಮೇಲೆ ಎರಡು ಬೆರಳು ನೊರೆ.

"ಟೀ ನಮ್ಮ ದೇಶದವರಿಗೂ ಹೊಸದೇ" ಅಂತ ಟೀಚರಕ್ಕ ಕಾಪಾಡಲು ನೋಡಿದರು. "ಬ್ರಿಟಿಷರು ಬೆಳೆಯುತ್ತಿದ್ದದ್ದು ಹೊರಗೆ ಮಾರಲು. 1903ರಲ್ಲಿ ಟೀ ಮೇಲೆ ಸೆಸ್ ಹಾಕಿ ಪ್ರಚಾರಕ್ಕೆ ದುಡ್ಡು ಎತ್ತಿದರು. ಆಮೇಲೆ ಊರೂರಿಗೆ ಹೋಗಿ ಪುಕ್ಕಟೆ ಟೀ ಹಂಚಿದರು. ಈಗ ನಮ್ಮಲ್ಲಿ ಬೆಳೆಯುವ ಹೆಚ್ಚಿನ ಟೀ ನಾವೇ ಕುಡಿದು ಮುಗಿಸ್ತೇವೆ. ಅದೂ ಎಲೆಯನ್ನು ಯಂತ್ರಕ್ಕೆ ಕೊಟ್ಟು ಅರೆದು, ಹರಿದು, ಸುರುಳಿ ಮಾಡಿದ ಸಿಟಿಸಿ ಕಾಳು. ಅದಕ್ಕೇ ಕಾಕನ ಚಾಯಕ್ಕೆ ಆ ಬಣ್ಣ."

"ಪುಕ್ಕಟೆ ಕೊಟ್ಟು ಅಭ್ಯಾಸ ಮಾಡಿಸಿದರು" ಅಂದ ಬೋಪು, ಮಾತು ತಿರುಗಿದ್ದಕ್ಕೆ ಖುಷಿಯಾಗಿ. "ನೋಡಿ ಬುದ್ಧಿ!"

"ಆರು ಗಂಟೆಯ ಜೀಪು" ಅಂದ ಉಮೇಶ.

ಬೋಪು ಸ್ವಲ್ಪ ಹೊತ್ತು ಮಳೆ ನೋಡಿದ. ಆಮೇಲೆ ಹೇಳಿದ: "ಮನೆಯಲ್ಲಿ ಕಾಫಿ ಕುಡಿದರೆ ಲೆಕ್ಕ ನೆನಪಾಗ್ತದೆ ಮಾರಾಯ. ಹೂಮಳೆ ಸರಿಯಾಗಿ ಬರಲಿಲ್ಲ. ಕಾಯಿ ಉದುರ್ತಾ ಉಂಟು. ಕೂಲಿಗೆ ಜನ ಇಲ್ಲ. ಬ್ಯಾಂಕಿನವರು ಫೋನ್ ಮಾಡ್ತಾರೆ. ಒಂದೊಂದು ಗುಟುಕಿಗೂ ಒಂದೊಂದು. ಚಾಯ ಕುಡಿದರೆ ಯಾವುದೂ ಇಲ್ಲ. ಅದು ಬೇರೆ ಯಾರದ್ದೋ ತೋಟದ ತಲೆನೋವು. ಅರ್ಧ ಗಂಟೆ ಆರಾಮ."

ಉಮೇಶ ನಗಲಿಲ್ಲ. ನನ್ನ ಹೆಂಡತಿ ಒಳಗೆ ಹೋಗಿ ಯಾರನ್ನೂ ಕೇಳದೆ ಹಾಲು ಹಾಕಿದ ಟೀ ಮಾಡಿಕೊಂಡು ಬಂದಳು. ಶುಂಠಿ ಜಜ್ಜಿ ಹಾಕಿದ್ದಳು. ಡಬ್ಬಿಯದ್ದಲ್ಲ, ನಮ್ಮ ಜ್ವರದ ಟೀ. ಅದೊಂದಕ್ಕೆ ಯಾರೂ ಹೆಸರು ಕೇಳಲಿಲ್ಲ, ಮಾರ್ಕು ಕೊಡಲಿಲ್ಲ.

ಕೊನೆಗೆ ಉಳಿದದ್ದು ಟೀಚರಕ್ಕ ಮೊದಲೇ ಬೇರೆ ತೆಗೆದಿಟ್ಟಿದ್ದ ಆ ಒಂದು ಪೊಟ್ಟಣ. ಅದು ಟೀ ಗಿಡದ್ದಲ್ಲ, ಒಣಗಿಸಿದ ಶಂಖಪುಷ್ಪ. ಬಿಸಿನೀರು ಬಿದ್ದ ಕೂಡಲೇ ಗ್ಲಾಸು ಪೂರ್ತಿ ನೀಲಿ, ಬಟ್ಟೆಗೆ ಹಾಕುವ ನೀಲಿಯ ಹಾಗೆ. ಹುಳಿ ಬಿದ್ದರೆ ಬಣ್ಣ ಬದಲಾಗುತ್ತದೆ ಅಂತ ಚೀಟಿಯಲ್ಲಿ ಬರೆದಿತ್ತು. ಹುಳಿ ಅಂದರೆ ಮತ್ತೆ ಕಾಚಂಪುಳಿಯೇ. ಉಮೇಶ ಈ ಸಲ ಹೆದರಿಕೊಂಡು ಎರಡೇ ಹನಿ ಬಿಟ್ಟ. ನೀಲಿ ಹೋಗಿ ನೇರಳೆಯಾಯಿತು. ಅಕ್ಕನ ಮಗಳು ಇದನ್ನು ನೋಡಿ ನಾವೆಲ್ಲ ಬೆರಗಾಗುತ್ತೇವೆ ಅಂದುಕೊಂಡಿರಬೇಕು.

"ಮದ್ದು ಸೊಪ್ಪು!" ಅಂದರು ಮೂವರೂ ಒಟ್ಟಿಗೆ.

ಎರಡು ದಿನದ ಹಿಂದಷ್ಟೇ ಕಕ್ಕಡ ಹದಿನೆಂಟು, ಅಂದರೆ ಕೊಡವರ ಲೆಕ್ಕದಲ್ಲಿ ಆಟಿ ತಿಂಗಳ ಹದಿನೆಂಟನೆಯ ದಿನ, ಮುಗಿದಿತ್ತು. ಆಗಸ್ಟ್ 3ಕ್ಕೆ ಬರುತ್ತದೆ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅಂತ ಇಲ್ಲಿಯ ನಂಬಿಕೆ. ಸೊಪ್ಪು ಕುದಿಸಿದ ನೀರು ಇದೇ ಗಾಢ ನೇರಳೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತಾರೆ. ತಿಂದ ಮಾರನೆಯ ಬೆಳಗ್ಗೆ ಮೂತ್ರವೂ ಅದೇ ಬಣ್ಣ. ನಾನು ಬಂದ ಮೊದಲ ವರ್ಷ ಗೊತ್ತಿಲ್ಲದೆ ತಿಂದು, ಬೆಳಗ್ಗೆ ಎದ್ದು ನೋಡಿ, ಹೆಂಡತಿಗೆ ಆಸ್ತಿ ಪತ್ರ ಎಲ್ಲಿದೆ ಅಂತ ತೋರಿಸಿ ಆಸ್ಪತ್ರೆಗೆ ಓಡಿದ್ದೆ.

"ನೇರಳೆ ಆಗುವುದು ದೊಡ್ಡದಲ್ಲ" ಅಂದ ಬೋಪು, ಗ್ಲಾಸ್ ಖಾಲಿ ಮಾಡುತ್ತಾ. "ಒಳಗೆ ಹೋಗಿ ಕೆಲಸ ಮಾಡಬೇಕು. ಬೆಳಗ್ಗೆ ನೋಡಿ ಹೇಳ್ತೇನೆ."

ಮಾರನೆಯ ದಿನ ಆರೂವರೆಗೆ ಗೇಟಿನ ಹತ್ತಿರ ಜೀಪು ನಿಂತಿತು. ಮುಖ ಕಾಕನ ಅಂಗಡಿಯ ದಿಕ್ಕಿಗಿತ್ತು. ಬೋಪು ಇಳಿಯಲೂ ಇಲ್ಲ. ರೇನ್‌ಕೋಟಿನ ಟೋಪಿ ಹಿಂದಕ್ಕೆ ತಳ್ಳಿ, ಮಳೆಯ ಸದ್ದಿಗಿಂತ ಜೋರಾಗಿ, ಆಚೆ ಮನೆಯವರಿಗೂ ಕೇಳುವ ಹಾಗೆ ಕೂಗಿದ:

"ಬಣ್ಣವೇ ಬರಲಿಲ್ಲ ಮಾರಾಯ! ನಿನ್ನ ಅಕ್ಕನ ಮಗಳಿಗೆ ಹೇಳು, ಡೂಪ್ಲಿಕೇಟ್!"